ಖಬರಿ ಅಂತ ಯಾರಿಗೆ ಅಂದೆವು

ಮೂರನೇ ಖೋಲಿಯವನು ಖಬರಿ ಆಗಿರಲಿಲ್ಲ. ಒಂಬತ್ತು ಮಂದಿಯ ಹೆಸರು ಕಂಪನಿಯ ಕಿವಿಗೆ ಹಾಕಿದಾಕಿ ನಾನು. ಬೇಕಂತ ಹಾಕಲಿಲ್ಲ, ದೇವರ ಮುಂದೆ ಹೇಳಿದೆ. ಆದರೆ ಹೇಳಿದ ಬಾಯಿ ನನ್ನದೇ. ಆ ಒಂಬತ್ತರಲ್ಲಿ ಒಬ್ಬ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗ. ಖರೆ ಇಷ್ಟೇ. ಉಳಿದದ್ದು ಮಂದಿ ಕೂಡಿಸಿ ಹೇಳಿದ್ದು.

ಈಗ ಇದನ್ನ ಬರೆದರೆ ಯಾರಿಗೂ ಕೆಲಸ ತಿರುಗಿ ಬರೋದಿಲ್ಲ. ಬಾಯಿಂದ ಹೇಳಿದಾಗ ನಕ್ಕರು, ಅದಕ್ಕೆ ಬರೆಯುತ್ತಿದ್ದೇನೆ. ಕಾಗದ ನೋಡಿ ನಗುವವರು ನಗಲಿ, ನನಗೆ ಕೇಳಿಸೋದಿಲ್ಲ.

ಮೊದಲು ಆ ಶಬ್ದದ ಸುದ್ದಿ. ನಾನು ಕಲಿತದ್ದು ಮೂರನೇ ಇಯತ್ತೆ. ತವರುಮನೆ ಗೋಕಾಕದ ಆಚೆ. ನಮ್ಮ ಕಡೆ ಖಬರ ಅಂದರೆ ಎಚ್ಚರ, ಖಬರ ಅಂದರೆ ಸುದ್ದಿಯೂ ಹೌದು. ಹಾಲು ಉಕ್ಕಿಸಿದರೆ ನಮ್ಮವ್ವ, "ಖಬರ ಎಲ್ಲಿಟ್ಟಿದ್ದೀಯೇ?" ಅಂತ ತಲೆಗೆ ಮೊಟಕುತ್ತಿದ್ದಳು. ದನ ಬಿಟ್ಟು ಗೋಲಿ ಆಡಲು ಹೋದವನಿಗೆ ಖಬರಗೇಡಿ ಅನ್ನುತ್ತಿದ್ದರು. ಇನ್ನು ಊರಲ್ಲಿ ಯಾರಾದರೂ ಸತ್ತರೆ ಬೀಗರ ಊರುಗಳಿಗೆ ಒಬ್ಬನ ಕೈಯಲ್ಲಿ ಖಬರ ಕಳಿಸುತ್ತಿದ್ದರು. ನನ್ನ ಸೋದರಮಾವನ ಕಾಲು ಜೋರು, ಅವನೇ ಹೋಗುತ್ತಿದ್ದ. ಅಂವ ಯಾರ ಮನೆಯ ಒಳಗೂ ಕಾಲಿಡುತ್ತಿರಲಿಲ್ಲ, ನೀರು ಮುಟ್ಟುತ್ತಿರಲಿಲ್ಲ. ಅಂಗಳದಲ್ಲೇ ನಿಂತು, ಇಂಥವರು ಹೋದರು, ಮಣ್ಣು ಇಷ್ಟೊತ್ತಿಗೆ, ಅಂತ ಹೇಳಿ ಬಂದ ದಾರಿ ಹಿಡಿಯುತ್ತಿದ್ದ. ಅವನಿಗೆ ಯಾರೂ ಖಬರಿ ಅನ್ನಲಿಲ್ಲ. ಖಬರ ತಂದವ ಅನ್ನುತ್ತಿದ್ದರು. ಸುದ್ದಿ ಕೇಳಿ ಎದೆ ಬಡಿದುಕೊಂಡವರು ಇದ್ದರು, ತಂದವನಿಗೆ ಬೈದವರನ್ನ ನಾನು ನೋಡಿಲ್ಲ.

ಖಬರಿ ಅನ್ನುವುದನ್ನ ಕೇಳಿದ್ದು ಇಲ್ಲಿ ಮರಾಠಿ ಸೀಮೆಗೆ ಬಂದ ಮೇಲೆ. ನಮ್ಮ ಯಜಮಾನರು ದೇಹೂ ರೋಡಿನ ಬಜಾರಿನಲ್ಲಿ ಗುಮಾಸ್ತರಾಗಿದ್ದರು. ಅವರು ಹೋದರು, ಈ ಚಾಳಿನ, ಅಂದರೆ ವಠಾರದ, ಆರನೇ ಖೋಲಿ ಉಳಿಯಿತು. ಎಂಟನೇ ಖೋಲಿಯಲ್ಲಿ ಪೊಲೀಸ್ ಕೆಲಸದಿಂದ ರಿಟಾಯರ್ ಆದ ಹವಾಲ್ದಾರರು ಇದ್ದಾರೆ, ಮರಾಠಿಯವರು. ಚಾಳಿಗೆಲ್ಲ ಕಾಕಾ. ಈ ಗದ್ದಲ ಆದಾಗ ಒಂದು ದಿನ ಅವರನ್ನೇ ಕೇಳಿದೆ, ಈ ಖಬರಿ ಅನ್ನೋದು ಎಲ್ಲಿಂದ ಬಂತು ಕಾಕಾ, ಅಂತ. ಅವರು ಮರಾಠಿಯಲ್ಲಿ ಹೇಳಿದ್ದು, ನಾನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ನಮಗ ಗುಟ್ಟು ಮುಟ್ಟಿಸಾವಗ ಕಾಗದದ ಮ್ಯಾಲೆ ನಾವು ಬಾತಮೀದಾರ ಅಂತ ಬರೀತಿದ್ದಿವಿ ಆಜಿ. ಹೆಸರು ಬರೀತಿದ್ದಿಲ್ಲ. ಖಬರಿ ಅನ್ನೋದು ಠಾಣೆ ಹೊರಗ, ಚಹಾದ ಗಾಡಿ ಮುಂದ ಅನ್ನೋ ಮಾತು. ಖಬರ ಅನ್ನೋದು ಅರಬರ ಕಡಿಂದ ಬಂದದ್ದು ಅಂತಾರ, ಉರ್ದು ಮಂದಿ ತಂದ್ರು. ನಿಮ್ಮ ಕಡಿಗೂ ಬಂತು, ನಮ್ಮ ಕಡಿಗೂ ಬಂತು. ಇಲ್ಲಿ ನಮ್ಮ ಕೈಯಾಗ ಸಿಕ್ಕು ಹಿಂಗಾತು."

"ಖಬರಿ ಆಗೋ ಮಂದಿ ಎಂಥವರು?"

"ಭಾಳ ಛಲೋ ಮಂದಿ," ಅಂದು ಕಾಕಾ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. "ಎಲ್ಲಾರೂ ನಂಬೋ ಮನುಷ್ಯಾ ಬೇಕು. ಯಾರ ಮ್ಯಾಲೆ ಮಂದಿಗೆ ಸಂಶಯ ಬರ್ತದೋ ಅಂವ ನಮ್ಮ ಕೆಲಸಕ್ಕ ಬರೂದಿಲ್ಲ. ಸಂಶಯ ಬಂದ ದಿನಾನ ಅವನ ಕೆಲಸಾ ಮುಗೀತು."

ಚುಗಲಿ ಹೇಳುವವರು ನನಗೆ ಗೊತ್ತು, ಅದು ಹೆಂಗಸರಲ್ಲೂ ಹುಡುಗರಲ್ಲೂ ನಡೆಯುತ್ತದೆ, ನಾನೂ ಹೇಳಿದ್ದೇನೆ. ಚಮಚಾ ಅನ್ನುವವನು ಸಾಹೇಬನ ಹಿಂದೆ ಎಲ್ಲರ ಕಣ್ಣಿಗೆ ಕಾಣುವ ಹಂಗೆ ತಿರುಗುತ್ತಾನೆ, ಅವನಿಗೆ ಅಂಜುವುದು ಬೇಕಿಲ್ಲ. ಖಬರಿ ಅಂದರೆ ನಿನ್ನ ಡಬ್ಬಿಯ ಪಲ್ಯ ತಿಂದು, ನಿನ್ನ ಮಗಳ ಆರೋಗ್ಯ ಕೇಳಿ, ಆಮೇಲೆ ಹೋಗಿ ಹೇಳುವವನು. ಅದಕ್ಕೇ ಆ ಮಾತು ಒಮ್ಮೆ ಹತ್ತಿದರೆ ಬಿಡೋದಿಲ್ಲ. ನೀನು ಛಲೋ ಇದ್ದಷ್ಟೂ ಅನುಮಾನ ಗಟ್ಟಿ ಆಗುತ್ತದೆ.

ಇನ್ನು ಆದದ್ದು ಹೇಳುತ್ತೇನೆ.

ತಳೇಗಾಂವದ ಒಂದು ಕಾರ್ಖಾನೆಯಲ್ಲಿ ಮೋಟಾರಿಗೆ ಹಾಕುವ ತಗಡಿನ ಸಾಮಾನು ಒತ್ತುತ್ತಾರೆ. ನನ್ನ ಮಗ ಅಲ್ಲಿ ಪ್ರೆಸ್ಸಿನ ಮೇಲೆ ಇದ್ದ. ಕಂಪನಿಯ ಮನುಷ್ಯ ಅಲ್ಲ, ಕಾಂಟ್ರ್ಯಾಕ್ಟರನ ಮನುಷ್ಯ. ಕೆಲವು ತಿಂಗಳು ದುಡಿಸಿಕೊಂಡು ಕಾಗದದ ಮೇಲೆ ತೆಗೆಯುವುದು, ಎರಡು ದಿನ ಬಿಟ್ಟು ಮತ್ತೆ ಹೊಸಬ ಅಂತ ತೊಗೊಳ್ಳುವುದು. ಹಿಂಗೇ ವರ್ಷಗಟ್ಟಲೆ ಹೊಸಬನಾಗಿದ್ದ. ಕ್ಯಾಂಟೀನಿನಲ್ಲಿ ಪರ್ಮನೆಂಟ್ ಮಂದಿ ಉಂಡು ಎದ್ದ ಮೇಲೆ ಇವರ ಪಾಳಿ. ಅಷ್ಟೊತ್ತಿಗೆ ಪಲ್ಯ ಮುಗಿದಿರುತ್ತಿತ್ತು. ಒಬ್ಬನ ಬೆರಳು ಪ್ರೆಸ್ಸಿನಲ್ಲಿ ಹೋದಾಗ, ಅಂವ ನಮ್ಮವನಲ್ಲ ಅಂತ ಕಂಪನಿ ಅಂದಿತು, ಕಾಂಟ್ರ್ಯಾಕ್ಟರ್ ಫೋನ್ ಎತ್ತಲಿಲ್ಲ. ಆಮೇಲೆ ಇವರು ಯೂನಿಯನ್ ಮಾಡುತ್ತೇವೆ ಅಂತ ಎದ್ದರು. ಒಂಬತ್ತು ಮಂದಿ ಸಹಿ ಹಾಕಿದರು. ಕನ್ನಡದವರೂ ಇದ್ದರು, ಮರಾಠಿಯವರೂ ಇದ್ದರು, ಐದು ಮಂದಿ ನಮ್ಮ ಚಾಳಿನವರೇ. ಆ ಕಾಗದ ಒಂದು ಗುರುವಾರ ಲೇಬರ್ ಆಫೀಸಿಗೆ ಕೊಡುವುದಿತ್ತು. ಕಾಗದ ಕೊಟ್ಟ ಮೇಲೆ ಕೆಲಸದಿಂದ ತೆಗೆಯುವುದು ಕಂಪನಿಗೆ ಬಿಗಿ ಆಗುತ್ತದೆ, ಕೊಡೋದರೊಳಗೆ ಹೆಸರು ಹೊರಗೆ ಬಿದ್ದರೆ ಒಂಬತ್ತೂ ಮಂದಿ ಮನೆಗೆ. ಅವರಿಗೆ ಹೇಳಿಕೊಡುತ್ತಿದ್ದ ಯೂನಿಯನ್ನಿನ ಮನುಷ್ಯ ಹಂಗಂತ ಹೇಳಿದ್ದ.

"ಅವ್ವಾ, ಯಾರ ಮುಂದೂ ಬಾಯಿ ಬಿಡಬ್ಯಾಡ," ಅಂದ ಮಗ.

"ನಾ ಯಾರ ಮುಂದ ಬಿಡ್ಲಿ? ಈ ತವಾದ ಮುಂದ ಬಿಡ್ಲೇನು?" ಅಂದೆ.

ಬಿಡಲೂ ಇಲ್ಲ. ನೆರೆಮನೆಯವರಿಗೆ ಹೇಳಲಿಲ್ಲ, ಮಗಳು ಫೋನ್ ಮಾಡಿದಾಗ ಹೇಳಲಿಲ್ಲ.

ಮೂರನೇ ಖೋಲಿಯವ ವಿಜಾಪುರ ಕಡೆಯವನು. ಹೆಂಡತಿ, ಸಾಲಿಗೆ ಹೋಗುವ ಒಬ್ಬ ಮಗಳು. ನನ್ನ ಮಗನನ್ನ ಆ ಕಾರ್ಖಾನೆಗೆ ಸೇರಿಸಿದವನೇ ಅಂವ. ಸ್ಟೋರಿನಲ್ಲಿ ಕೆಲಸ, ಅದೂ ಅದೇ ಕಾಂಟ್ರ್ಯಾಕ್ಟರನ ಕೈಕೆಳಗೆ. ಅವನೂ ಸಹಿ ಹಾಕುತ್ತೇನೆ ಅಂತ ನಮ್ಮ ಮನೆಗೆ ಬಂದ. ನಾನು ಅಲ್ಲೇ ರೊಟ್ಟಿ ಬಡಿಯುತ್ತಿದ್ದೆ, ನನ್ನ ಕಿವಿಯಿಂದ ಕೇಳಿದ್ದು ಇದು.

ನನ್ನ ಮಗ ಅಂದ, "ನೀ ಸಹಿ ಮಾಡಬ್ಯಾಡ. ನಾಳೆ ನಾವು ಹೊರಗ ಬಿದ್ರೂ ಒಳಗೊಬ್ಬ ಇರಬೇಕು. ಏನ್ ನಡದದ ಅಂತ ಹೇಳಾಕ."

ಅಂವ ನಕ್ಕ. "ಅಂದ್ರ ನಾ ನಿಮ್ಮ ಖಬರಿ ಅನ್ರಿ."

"ಹೂಂ, ನಮ್ಮ ಖಬರಿ. ಅವ್ವಾ, ನಮ್ಮ ಖಬರಿಗೆ ಒಂದ್ ರೊಟ್ಟಿ ಕೊಡು."

ಕೊಟ್ಟೆ. ಬೆಣ್ಣೆ ಹಚ್ಚಿ ಕೊಟ್ಟೆ.

ಗುರುವಾರದ ಹಿಂದಿನ ಐತವಾರ ಜೇಜುರಿಗೆ ಹೋಗೋಣ ಅಂದವಳು ನಾನೇ. ಇಲ್ಲಿಯವರ ಖಂಡೋಬಾ ನಮಗೆ ಮೈಲಾರಲಿಂಗ, ನಮ್ಮ ಮನೆದೇವರು. ಅಲ್ಲಿ ತಳಿ ಎತ್ತುವ ಪದ್ಧತಿ ಅದ. ತಾಟಿನಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಭಂಡಾರ ಅಂದರೆ ಅರಿಶಿಣ ಇಟ್ಟು, ಗಂಡಸರು ಸುತ್ತ ನಿಂತು ಹಿಡಿದು ಎತ್ತಬೇಕು. ಗಂಡಸರು ಬೆಸ ಇರಬೇಕು, ಮೂರು, ಐದು, ಏಳು, ಹಿಂಗೆ. ನನ್ನ ಮಗ ಮತ್ತು ಸಹಿ ಹಾಕಿದವರಲ್ಲಿ ಮೂವರು, ನಾಲ್ಕಾದರು. ಉಳಿದವರಿಗೆ ಪಾಳಿ ಇತ್ತು. ಐದನೆಯವನಾಗಿ ಮೂರನೇ ಖೋಲಿಯವ ಬರುವವನಿದ್ದ. ಶನಿವಾರ ಸಂಜೆ ಅವನ ವಾರದ ರಜಾ ರದ್ದಾಯಿತು. ಸ್ಟೋರಿನಲ್ಲಿ ಗಾಡಿ ಖಾಲಿ ಮಾಡುವುದದ, ಬಾ ಅಂದರಂತೆ. ನಾವು ನಾಲ್ಕು ಮಂದಿ ಗಂಡಸರು, ನಾನು, ಸೊಸೆ, ಟೆಂಪೊ ಮಾಡಿಕೊಂಡು ಹೋದೆವು.

ಮೆಟ್ಟಿಲು ಹತ್ತಿ, ಅರಿಶಿಣ ತುಳಿದುಕೊಂಡು ಮೇಲೆ ಹೋದ ಮೇಲೆ ಮಗ ಅಂದ, "ಮೂರು ಮಂದಿ ಹಿಡದ್ರೂ ನಡೀತದ ಅವ್ವಾ. ಒಬ್ಬನ್ನ ಬಿಡೂಣು."

"ಯಾರಿಗಂತ ಬಿಡ್ತಿ? ಮೂರು ಮಂದಿ ಹಿಡಿದು ಒಬ್ಬ ಬಾಯಿ ನೋಡ್ಕೋತ ನಿಲ್ಲೂದೇನು? ಐದ ಬೇಕು."

ಸಾಲಿನಲ್ಲಿ ನಮ್ಮ ಹಿಂದೆ ಒಬ್ಬಾಕೆ ಗಂಡನಿಗೆ ಬೈಯುತ್ತಿದ್ದಳು, "ಚಪ್ಲಿ ಎಲ್ಲಿ ಬಿಟ್ರಿ, ಖಬರ ಅದ ಇಲ್ಲ?" ಅಂತ. ನಮ್ಮ ಮಾತು. ಅಷ್ಟು ಮರಾಠಿ ಗದ್ದಲದಲ್ಲಿ ಆ ಮಾತು ಕಿವಿಗೆ ಬಿದ್ದರೆ ಯಾರಿಗಾದರೂ ಹಿತ ಆಗುತ್ತದೆ. ತಿರುಗಿ ನೋಡಿದೆ. ನಲವತ್ತರ ಗಂಡಸು, ಬಿಳೀ ಅಂಗಿ, ಸಣ್ಣ ಮೀಸೆ.

"ಏನಪಾ, ಯಾ ಕಡಿಯವ?"

"ಬೈಲಹೊಂಗಲ ಕಡೀರಿ ಅವ್ವಾರ."

"ತಳಿಗೆ ಒಂದ್ ಕೈ ಹಚ್ಚು ಬಾ. ನಮಗ ಒಬ್ಬ ಕಡಿಮಿ ಆಗ್ಯಾನ."

"ಅದಕ್ಕೇನ್ರಿ, ಪುಣ್ಯದ ಕೆಲಸ," ಅಂದು ತಲೆಗೆ ಕರವಸ್ತ್ರ ಕಟ್ಟಿಕೊಂಡು ಬಂದ. ತಾಟು ಹಿಡಿದ.

ನಮ್ಮ ಕಡೆ ಹರಕೆ ಹೊರುವಾಗ ಯಾರ ಸಲುವಾಗಿ ಹೊರುತ್ತೀವೋ ಅವರ ಹೆಸರು ತೆಗೆದು ಹೇಳಬೇಕು, ಊರು ಹೇಳಬೇಕು, ಏನು ಬೇಕು ಅನ್ನುವುದನ್ನ ಬಿಡಿಸಿ ಹೇಳಬೇಕು. ಎಲ್ಲರಿಗೂ ಛಲೋ ಮಾಡಪ್ಪಾ ಅಂದರೆ ಅಂವ ಯಾರಿಗಂತ ಮಾಡಬೇಕು? ಅಲ್ಲಿ ಬಂದ ಸಾವಿರ ಮಂದಿಯೂ ಎಲ್ಲರಿಗೂ ಅಂತಲೇ ಕೇಳುತ್ತಾರೆ. ನಾನು ಹದಿನೈದು ದಿನದಿಂದ ಒಂಬತ್ತೂ ಹೆಸರು ಬಾಯಿಪಾಠ ಮಾಡಿದ್ದೆ, ಒಬ್ಬನನ್ನ ಬಿಟ್ಟರೆ ಅವನಿಗೆ ಕೆಡುಕಾದೀತು ಅಂತ.

"ಅವ್ವಾ, ಮನಸ್ಸಿನ್ಯಾಗ ಹೇಳ್ಕೋ," ಅಂದ ಮಗ ಮೆಲ್ಲಗೆ.

"ಮನಸ್ಸಿನ್ಯಾಗ ಹೇಳಿದ್ದು ಹರಕಿ ಅಲ್ಲ," ಅಂದೆ ಜೋರಾಗಿ.

ಐದು ಕೈ ತಾಟು ಹಿಡಿದಿದ್ದವು. ನಾನು ಸೆರಗು ಒಡ್ಡಿ ಒಂದೊಂದಾಗಿ ಒಂಬತ್ತು ಹೆಸರೂ ಹೇಳಿದೆ, ಅಡ್ಡಹೆಸರು ಸಮೇತ. ಕಾರ್ಖಾನೆಯ ಹೆಸರು ಹೇಳಿದೆ. "ಗುರುವಾರ ಯೂನಿಯನ್ನಿನ ಕಾಗದಾ ಕೊಡ್ತಾರಪ್ಪಾ, ಅಲ್ಲೀ ತನಕಾ ಕಂಪನಿಯವ್ರಿಗೆ ಗೊತ್ತಾಗದಂಗ ಮಾಡು. ಅವರ ಕಣ್ಣಿಗೆ ನಿನ್ನ ಭಂಡಾರ ಹಾಕು," ಅಂದೆ. ಗುಟ್ಟಾಗಿ ಇಡಪ್ಪಾ ಅಂತ ನಾನು ಬೇಡಿಕೊಂಡದ್ದು ಗಂಟಲು ಹರಿಯುವ ಹಂಗೆ ಕೂಗಿ. ಗಂಡಸರು ಏಳಕೋಟ ಅಂತ ತಾಟು ಎತ್ತಿದರು, ಮೂರು ಸಲ. ಬಿಳೀ ಅಂಗಿಯವನ ದನಿ ಎಲ್ಲರಿಗಿಂತ ಜೋರಿತ್ತು.

ಕೆಳಗೆ ಬಂದು ಬದನೆಕಾಯಿ ಭರ್ತ, ರೊಟ್ಟಿ ಬಿಚ್ಚಿದೆವು. ಅವನನ್ನೂ ಅವನ ಹೆಂಡತಿಯನ್ನೂ ಕರೆದು ಕೂಡಿಸಿದೆ. ಎರಡು ರೊಟ್ಟಿ ಉಂಡ. "ನಮ್ಮವ್ವನ ಕೈ ನೆನಪಾತು ನೋಡ್ರಿ," ಅಂದ. ನಾನು ಮೂರನೆಯದು ಹಾಕಿದೆ.

ಮಂಗಳವಾರ ಮುಂಜಾನೆ ಪಾಳಿಗೆ ಹೋದವರು ಹನ್ನೊಂದಕ್ಕೆ ತಿರುಗಿ ಬಂದರು. ಗೇಟಿನಲ್ಲಿ ಬೆರಳು ಒತ್ತುವ ಮಷಿನ್ನು ಅದ. ಒಂಬತ್ತು ಮಂದಿ ಒತ್ತಿದರೆ ಒಂಬತ್ತು ಸಲವೂ ಕೆಂಪು ದೀಪ. ಕೆಲಸ ಕಡಿಮೆ ಆಗ್ಯದ, ಬೇಕಾದಾಗ ಕರೀತೀವಿ ಅಂದ ಕಾಂಟ್ರ್ಯಾಕ್ಟರ್. ಹೆಸರು ಕೇಳಲಿಲ್ಲ, ಮುಖ ನೋಡಲಿಲ್ಲ. ಯೂನಿಯನ್ನಿನ ಮನುಷ್ಯ, ಈಗ ಇದು ಬೇರೆ ಜಗಳ ಆಯಿತು, ವರ್ಷ ಹಿಡಿದೀತು ಅಂದ. ಆಮೇಲೆ ಅವನ ಫೋನೂ ಹತ್ತಲಿಲ್ಲ. ಆ ಒಂಬತ್ತರಲ್ಲಿ ಒಬ್ಬನೂ ಮತ್ತೆ ಆ ಗೇಟು ದಾಟಿಲ್ಲ. ನನ್ನ ಮಗ ಈಗ ಒಂದು ಮಾಲಿನ ಪಾರ್ಕಿಂಗಿನಲ್ಲಿ ಸೀಟಿ ಊದುತ್ತಾನೆ. ಅದೂ ಕಾಂಟ್ರ್ಯಾಕ್ಟೇ.

ಅವತ್ತು ಮಧ್ಯಾಹ್ನ ಚಾಳಿನ ಮುಂದಿನ ಬದಾಮಿ ಗಿಡದ ಕೆಳಗೆ ಎಲ್ಲರೂ ಕೂತರು. ಯಾರಿಗೆ ಗೊತ್ತಿತ್ತು? ಒಂಬತ್ತು ಮಂದಿಗೆ, ಮತ್ತು ಮೂರನೇ ಖೋಲಿಯವನಿಗೆ. ಒಂಬತ್ತರ ಬೆರಳೂ ಬಂದಾಗಿತ್ತು, ಅವನೊಬ್ಬನ ಬೆರಳಿಗೆ ಹಸಿರು ದೀಪ. ಸಹಿ ಯಾಕೆ ಹಾಕಲಿಲ್ಲ? ಜೇಜುರಿಗೆ ಯಾಕೆ ಬರಲಿಲ್ಲ? ಸರಿಯಾಗಿ ಶನಿವಾರವೇ ರಜಾ ಯಾಕೆ ರದ್ದಾಯಿತು, ಯಾರ ಮುಂದೆ ಕೂತು ಹೇಳಲಿಕ್ಕೆ? ಒಬ್ಬ ಅಂದ, "ಖಬರಿ ಅದಾನ ಅಂವ." ಯಾರು ಮೊದಲು ಅಂದದ್ದು ಅಂತ ಈಗ ಕೇಳಿದರೆ ಯಾರಿಗೂ ನೆನಪಿಲ್ಲ. ನನ್ನ ಮಗ, ಒಳಗಿರು ಅಂತ ನಾನೇ ಹೇಳಿದ್ದೆ, ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಅನ್ನಲಿಲ್ಲ ಅಷ್ಟೇ ಅಲ್ಲ, "ದೇವರ ಕೆಲಸಕ್ಕೂ ಬರಲಿಲ್ಲ ನೋಡ್ರಿ," ಅಂತ ನಾನೇ ಒಂದು ಕಟ್ಟಿಗೆ ಹಾಕಿದೆ. ನನ್ನ ಮಗನ ಕೆಲಸ ಹೋಗಿತ್ತು. ಯಾರ ಮೇಲಾದರೂ ಹಾಕಬೇಕಿತ್ತು.

ನಮ್ಮ ಚಾಳಿಗೆ ಒಂದೇ ನಳ. ಮುಂಜಾನೆ ಆರಕ್ಕೆ ನೀರು ಬಂದು ಒಂದು ತಾಸು ಇರುತ್ತದೆ. ಖೋಲಿಯ ನಂಬರಿನ ಪ್ರಕಾರ ಕೊಡ ಸಾಲಾಗಿ ಇಡುವುದು ನಾನು ಬಂದಾಗಿನಿಂದ ನಡೆದ ಪದ್ಧತಿ. ಮೊದಲ ನಾಲ್ಕು ಮಂದಿಗೆ ನೀರು ಜೋರಾಗಿ ಬರುತ್ತದೆ, ಆಮೇಲೆ ದಾರದಷ್ಟು ಆಗುತ್ತದೆ. ಮರುದಿನ ಮೂರನೇ ಖೋಲಿಯ ಕೊಡ ಸಾಲಿನ ತುದಿಯಲ್ಲಿತ್ತು. ಕೈಯಿಂದ ಎತ್ತಿಟ್ಟಿರಲಿಲ್ಲ. ಕಾಲಿನಿಂದ ನೂಕಿದ್ದರು. ಒಂದು ನೂಕು ನನ್ನದು. ಅವನ ಹೆಂಡತಿ ಬಂದು ನೋಡಿದಳು, ತುದಿಗೆ ಹೋಗಿ ನಿಂತಳು. ಅವತ್ತು ಆಕೆಗೆ ಅರ್ಧ ಕೊಡ ಸಿಕ್ಕಿತು.

ಆ ಒಂಬತ್ತು ಮಂದಿ ದಿನಾ ಹೋಗಿ ಗೇಟಿನ ಎದುರಿಗೆ ಕೂಡುತ್ತಿದ್ದರು, ಕರೆದಾರೇನೋ ಅಂತ. ನಾಲ್ಕನೇ ದಿನಕ್ಕೆ ನಾನು ರೊಟ್ಟಿ ಕಟ್ಟಿಕೊಂಡು ಲೋಕಲ್ ರೈಲು ಹಿಡಿದು ತಳೇಗಾಂವಕ್ಕೆ ಹೋದೆ. ಗೇಟಿನ ಹತ್ತಿರ ಹೋಗುವುದಕ್ಕೂ ಒಳಗಿಂದ ಒಬ್ಬ ಕೊರಳಿಗೆ ಕಾರ್ಡು ಹಾಕಿಕೊಂಡು ಬರುವುದಕ್ಕೂ ಸರಿಹೋಯಿತು. ಬಿಳೀ ಅಂಗಿ, ಸಣ್ಣ ಮೀಸೆ.

"ಅವ್ವಾರ, ಆರಾಮ ಅದೀರಿಲ್ರಿ? ಇಷ್ಟ ಬಿಸಲಾಗ ಯಾಕ ಬಂದ್ರಿ?"

"ನೀ ಇಲ್ಲೇನ್ ಮಾಡ್ತಿ?"

"ಇಲ್ಲೇ ಕಾಂಟ್ರ್ಯಾಕ್ಟರ್ ಕಡೆ ಸುಪರ್ವೈಝರ್ ಅದೀನ್ರಿ. ಮೊದ್ಲ ಆಫೀಸಿನ್ಯಾಗಿದ್ದೆ, ಈಗ ಈ ಗೇಟಿಗೆ ಹಾಕ್ಯಾರ."

ರೊಟ್ಟಿಯ ಗಂಟು ಕೆಳಗಿಟ್ಟೆ. "ನೀ ಹೇಳಿದೇನು?" ಅಂದೆ.

ಅಂವ ಸುತ್ತ ನೋಡಿ ದನಿ ಇಳಿಸಿದ. "ತಪ್ಪ ತಿಳ್ಕೋಬ್ಯಾಡ್ರಿ ಅವ್ವಾರ. ನಿಮ್ಮ ರೊಟ್ಟಿ ಉಂಡೀನಿ, ಸುಳ್ಳ ಹೇಳೂದಿಲ್ಲ. ಯಾರ್ಯಾರು ಸೇರ್ಯಾರ ಅಂತ ಹುಡುಕಾಡಾಕತ್ತಿದ್ರು. ಕೇಳಿದ್ರು, ಹೇಳಿದೆ. ನಂದೂ ಕಾಂಟ್ರ್ಯಾಕ್ಟೇ ಅದ್ರಿ." ಆಮೇಲೆ, "ನೀರು ಬೇಕೇನ್ರಿ ಕುಡಿಯಾಕ?" ಅಂದ.

ಬೇಡ ಅಂದೆ.

ಸಂಜೆ ಮನೆಯಲ್ಲಿ ಮಗನಿಗೆ ಹೇಳಿದೆ. ಅಂವ ಗೋಡೆ ನೋಡಿಕೊಂಡೇ ಅಂದ, "ನನಗ ಗೊತ್ತದ. ಮೊದಲನೇ ದಿನಾನ ಗೇಟಿನ್ಯಾಗ ನೋಡೀನಿ."

"ಮತ್ತ ಬಾಯಿ ಹೊಲಕೊಂಡ ಕೂತೀಯೇನೋ?"

"ಏನಂತ ಹೇಳ್ಲಿ? ನಮ್ಮವ್ವ ಖಬರಿ ಅಂತ ಹೇಳ್ಲೇನು? ಎಂಟೂ ಮಂದಿ ಹೆಂಡ್ರು ಬಂದು ನಿನ್ನ ಬಾಯಾಗ ಮಣ್ಣ ಹಾಕ್ತಾರ."

"ಮೂರನೇ ಖೋಲಿಯವನ ಬಾಯಾಗ ಹಾಕ್ಯಾರಲ್ಲೋ."

"ಅಂವ ಗಂಡಸು, ತಡಕೋತಾನ. ನೌಕರಿ ಅದ ಅವಗ. ನಮಗೇನದ?"

ನಾನು ಸುಮ್ಮನಾದೆ. ಮಗ ಬಾಯಿ ಮುಚ್ಚಿಸಿದ ಅಂತ ಬರೆದರೆ ಸುಳ್ಳಾಗುತ್ತದೆ. ಸುಮ್ಮನಿರುವುದು ನನಗೂ ಬೇಕಾಗಿತ್ತು. ಇಪ್ಪತ್ತು ದಿನ ಸುಮ್ಮನಿದ್ದೆ. ಮಾಡಿದ್ದು ಒಂದೇ. ಮುಂಜಾನೆ ಎಲ್ಲರಿಗಿಂತ ಮೊದಲು ಎದ್ದು ಹೋಗಿ ಅವರ ಕೊಡ ತುದಿಯಿಂದ ಎತ್ತಿ ಮೂರನೇ ಜಾಗಕ್ಕೆ ಇಟ್ಟು ಬರುತ್ತಿದ್ದೆ. ನೀರು ಬರುವುದರೊಳಗೆ ಅದು ಮತ್ತೆ ತುದಿಗೆ ಹೋಗಿರುತ್ತಿತ್ತು. ನಾಲ್ಕೈದು ದಿನ ನೋಡಿ ಅವನ ಹೆಂಡತಿ ಅಂದಳು, "ಬಿಡ್ರಿ ಕಾಕೂ. ನೀವು ಮುಂದ ಇಡ್ತೀರಿ, ಅವ್ರು ಹಿಂದ ಇಡ್ತಾರ. ನಡುವ ನನ್ನ ಕೊಡಾ ನೆಗ್ಗಿ ಹೋತು." ಬಿಟ್ಟೆ.

ಆ ಇಪ್ಪತ್ತು ದಿನದಲ್ಲಿ ಅವರಿಗೆ ಆದದ್ದು ನನ್ನ ಕಣ್ಣ ಮುಂದೆಯೇ ಆಯಿತು. ಚಾಳಿನವರ ಫೋನಿನ ಗ್ರೂಪಿನಿಂದ ತೆಗೆದರು. ಅಂವ ಲೋಕಲ್ ಹತ್ತಿದರೆ ಒಟ್ಟಿಗೆ ಹೋಗುತ್ತಿದ್ದವರು ಎದ್ದು ಬೇರೆ ಡಬ್ಬಿಗೆ ಹೋಗುತ್ತಿದ್ದರು. ಕಾರ್ಖಾನೆಯ ಒಳಗೆ ಸಹಿ ಹಾಕದ ಮಂದಿಯೂ ಅವನ ಪಕ್ಕ ಕೂತು ಉಣ್ಣುತ್ತಿರಲಿಲ್ಲ. ಮಗಳು ಸಾಲಿಯಿಂದ ಬರುವಾಗ ಗಲ್ಲಿಯ ಹುಡುಗರು ಸೀಟಿ ಹೊಡೆದು ಖಬರೀ ಖಬರೀ ಅನ್ನುತ್ತಿದ್ದರು. ಅರಿಶಿಣ ಕುಂಕುಮಕ್ಕೆ ಎಲ್ಲ ಖೋಲಿಗೂ ಕರೆಯಲು ಬಂದವರು ಎರಡರಿಂದ ನಾಲ್ಕಕ್ಕೆ ಹಾರಿದರು. ಕಾಕಾನನ್ನ ಕೇಳಿದ್ದು ಆ ದಿನಗಳಲ್ಲೇ. ಸಂಶಯ ಬಂದವ ಖಬರಿ ಆಗೋದಿಲ್ಲ ಅಂತ ಅವರು ಹೇಳಿದ್ದು ತಲೆಯಲ್ಲಿ ಕೂತಿತು. ಇವರಿಗೆ ಇಷ್ಟು ಗೊತ್ತಾಗಬಾರದೇನು ಅನ್ನಿಸಿತು. ಗೊತ್ತಿದ್ದರೂ ಏನು ಮಾಡುತ್ತಿದ್ದರು? ನನಗೆ ಎಲ್ಲಾ ಗೊತ್ತಿತ್ತು, ನಾನೇನು ಮಾಡಿದೆ?

ಒಂದು ಮಧ್ಯಾಹ್ನ ಕಡೆಗೂ ಅವನ ಬಾಗಿಲಿಗೆ ಹೋದೆ. ಅವನ ರಜಾ ಇತ್ತು. ಹೊಸ್ತಿಲ ಮೇಲೆ ಕೂತು ಮಗಳ ಚಪ್ಪಲಿ ಹೊಲಿಯುತ್ತಿದ್ದ. ನಿಂತಲ್ಲೇ ಎಲ್ಲ ಹೇಳಿದೆ, ತಳಿ, ಹೆಸರು, ಬಿಳೀ ಅಂಗಿ.

ಅಂವ ಸೂಜಿ ನಿಲ್ಲಿಸಲಿಲ್ಲ. "ನನಗ ಅಂದಾಜ ಇತ್ರಿ ಕಾಕೂ. ಸೋಮವಾರ ಆ ಸುಪರ್ವೈಝರನ ಹಣಿ ಮ್ಯಾಲೆ ಭಂಡಾರ ಇತ್ತು. ಎಲ್ಲಿ ಹೋಗಿದ್ರಿ ಅಂದೆ. ಜೇಜುರಿ ಅಂದ."

"ಮತ್ತ ಯಾಕ ಹೇಳ್ಲಿಲ್ಲೋ ಯಪ್ಪಾ?"

"ನಾ ಹೇಳಿದ್ರ ಯಾರ ಕೇಳ್ತಾರ್ರಿ? ತಪ್ಪಿಸ್ಕೊಳ್ಳಾಕ ಮುದಕಿ ಮ್ಯಾಲೆ ಹಾಕ್ದ ಅಂತಾರ. ನಿಮ್ಮ ಮಗಾ ಹೇಳಬೇಕು. ಒಳಗಿರು ಅಂದಾವ ಅವನ."

"ಅಂವ ಹೇಳೂದಿಲ್ಲ. ನಾ ಹೇಳ್ತೀನಿ. ಐತವಾರ ಎಲ್ಲಾರೂ ಕೂಡ್ತಾರ, ಎಲ್ಲಾರ ಮುಂದ ಹೇಳ್ತೀನಿ."

ಅಂವ ದಾರ ಹಲ್ಲಿನಿಂದ ಕಡಿದ. "ಹೇಳ್ರಿ," ಅಂದ. ಅವನ ಹೆಂಡತಿ ಒಳಗೆ ಪಾತ್ರೆ ಚೀಲಕ್ಕೆ ತುಂಬುತ್ತಿದ್ದಳು. ಹಬ್ಬದ ಸಾಮಾನು ಎತ್ತಿಡುತ್ತಾಳೆ ಅಂದುಕೊಂಡೆ.

ಐತವಾರ ನಾಲ್ಕು ಗಂಟೆಗೆ ಬದಾಮಿ ಗಿಡದ ಕೆಳಗೆ ಎಲ್ಲರೂ ಬಂದರು, ಹೆಂಗಸರು ಕಟ್ಟೆಯ ಮೇಲೆ. ನಾನು ನಡುವೆ ಹೋಗಿ ನಿಂತೆ. ನನ್ನ ಮರಾಠಿ ಮುರುಕು, ಆದರೆ ದನಿ ಗಟ್ಟಿ. ಮೂರನೇ ಖೋಲಿಯವ ಹೇಳಿಲ್ಲ, ಹೆಸರು ಹೇಳಿದಾಕಿ ನಾನು, ಜೇಜುರಿಯಲ್ಲಿ ತಳಿ ಎತ್ತುವಾಗ, ಅಂದೆ. ಐದನೆಯವನು ಯಾರು ಅನ್ನುವುದನ್ನೂ ಹೇಳಿದೆ.

ಆಮೇಲೆ ಒಬ್ಬ ಅಂದ, "ಹಂಗಾದ್ರ ಖಂಡೋಬಾನೇ ಖಬರಿ ಅನ್ರಿ ಆಜಿ!" ಎಲ್ಲರೂ ನಕ್ಕರು. ಬಹಳ ದಿನದ ಮೇಲೆ ಆ ಗಿಡದ ಕೆಳಗೆ ನಗೆ ಕೇಳಿದ್ದು.

"ಕಾನಡೀ ಮಂದಿ ಕಾನಡೀ ಮಂದಿನ್ನ ಬಿಟ್ಟು ಕೊಡೂದಿಲ್ಲ," ಅಂದ ಇನ್ನೊಬ್ಬ.

"ಅವನ ಹೆಂಡ್ತಿ ಅತ್ತಿರಬೇಕು ಆಜಿ ಮುಂದ," ಅಂದಳು ಕಟ್ಟೆಯ ಮೇಲಿಂದ ಒಬ್ಬಾಕೆ. "ಆಜಿ ಕರಳು ಮೆತ್ತಗ."

ನನ್ನ ಕರುಳು ಮೆತ್ತಗೆ ಅಂತ ಅಲ್ಲಿಯವರೆಗೆ ಯಾರೂ ಅಂದಿರಲಿಲ್ಲ.

ಜೇಜುರಿಗೆ ಬಂದಿದ್ದ ಮೂವರನ್ನ ನೋಡಿದೆ. ಒಬ್ಬ, ಅಷ್ಟು ಗದ್ದಲದಲ್ಲಿ ಯಾರು ಹಿಡಿದರು ಯಾರು ಬಿಟ್ಟರು ಯಾರು ನೋಡಿದ್ದಾರೆ ಅಂದ. ಇಬ್ಬರು ಫೋನ್ ತೆಗೆದು ನೋಡತೊಡಗಿದರು. ಮಗನ ಕಡೆ ತಿರುಗಿದೆ. "ಹೇಳೋ. ನೀನ ನೋಡೀಯಲ್ಲ ಗೇಟಿನ್ಯಾಗ. ಒಳಗಿರು ಅಂತ ನೀನ ಹೇಳಿದ್ದಿ, ಹೇಳು."

ಅಂವ ಎದ್ದು ನಿಂತ. ಹೇಳುತ್ತಾನೆ ಅಂದುಕೊಂಡೆ. "ಅವ್ವಗ ವಯಸ್ಸಾತು," ಅಂದ ಮರಾಠಿಯಲ್ಲಿ, ಎಲ್ಲರಿಗೂ ತಿಳಿಯುವ ಹಂಗೆ. "ಆ ದಿನದಿಂದ ಹಿಂಗ ಏನೇನೋ ಅಂತಾಳ." ನನ್ನ ರಟ್ಟೆ ಹಿಡಿದ. ಗಟ್ಟಿಯಾಗಿ ಹಿಡಿಯಲಿಲ್ಲ. ಅಂವ ಹಂಗೆ ಹಿಡಿದದ್ದೇ ನನಗೆ ತಡೆಯಲಿಲ್ಲ, ಕೊಡವಿದೆ.

ಕಾಕಾ ಮಾತ್ರ, "ಆಜಿ ಹೇಳೂದು ಖರೆ ಇರಬಹುದು, ಪೂರಾ ಕೇಳ್ರಿ," ಅಂದರು. ಅಂದು ಬಾಯಿ ಮುಚ್ಚುವುದರೊಳಗೆ ಗಲ್ಲಿಗೆ ಟೆಂಪೊ ಬಂತು. ಬಾಗಿಲ ಮೇಲೆ ಕಾಂಟ್ರ್ಯಾಕ್ಟರನ ಹೆಸರು ಬರೆದಿತ್ತು. ಮೂರನೇ ಖೋಲಿಯ ಮುಂದೆ ನಿಂತಿತು. ಅಂವ ಒಳಗಿಂದ ಗಾದಿ ಹೊತ್ತುಕೊಂಡು ಬಂದ, ಹಿಂದೆ ಹೆಂಡತಿ, ಅದೇ ಪಾತ್ರೆಯ ಚೀಲ.

ಯಾರೂ ನನ್ನನ್ನ ಬೈಯಲಿಲ್ಲ. ಖಂಡೋಬಾ ಅಂತ ನಗಿಸಿದವನು ಮೆಲ್ಲಗೆ, "ನೋಡ್ರಿ ಆಜಿ," ಅಂದ. ಅಷ್ಟೇ. ಕಾಕಾ ಬೀಡಿ ಹಚ್ಚಿದರು.

ನಾನು ಟೆಂಪೊದ ಹತ್ತಿರ ಹೋದೆ. "ಎಲ್ಲಿಗೋ?"

"ತಳೇಗಾಂವಕ್ಕರಿ. ಖೋಲಿ ಕೊಟ್ಟಾರ. ಸ್ಟೋರಿಗೆ ಸುಪರ್ವೈಝರ್ ಮಾಡ್ಯಾರ."

"ಆ ಕಾಂಟ್ರ್ಯಾಕ್ಟರನ ಕಡಿ ಹೋಗ್ತೀಯೇನೋ? ಅವನ ಕಡಿ?"

"ಯಾರೂ ಮಾತಾಡ್ಲಿಲ್ರಿ ಕಾಕೂ," ಅಂದ. "ಒಂದ್ ತಿಂಗಳು. ಕಾಂಟ್ರ್ಯಾಕ್ಟರ್ ಒಬ್ಬನ ಮಾತಾಡಿದ."

"ಅಲ್ಲೇನ್ ಕೆಲಸಾ?"

ಅಂವ ಹಗ್ಗ ಬಿಗಿಯುತ್ತಿದ್ದ. ಗಂಟು ಹಾಕಿ, ಅದನ್ನ ಎರಡು ಸಲ ಎಳೆದು ನೋಡಿದ. "ಸ್ಟೋರಿಂದೂ ನೋಡೂದು. ಮತ್ತ ಮಂದಿ ಏನ್ ಮಾತಾಡ್ತಾರ, ಕಿವಿ ಕೊಟ್ಟು ಇರೂದು." ಇದನ್ನ ಅಂವ ನನ್ನ ಮುಖ ನೋಡಿ ಹೇಳಿದ, ಮುಚ್ಚಿಡಲಿಲ್ಲ.

ಚಾಳು ಆ ಮಾತನ್ನ ಮೊದಲೇ ಅವನ ಮೇಲೆ ಇಟ್ಟಿತ್ತು, ಕೆಲಸ ಅವತ್ತು ಸಿಕ್ಕಿತು. ಇನ್ನು ನಾನು ಯಾರಿಗೆ ಏನು ಅಂತ ಹೇಳಲಿ. ಅಂವ ಖಬರಿ ಅಲ್ಲ ಅಂತ ಹೇಳಿದರೆ ಈಗ ಅದು ಸುಳ್ಳೂ ಆಗುತ್ತದೆ.

ಅವನ ಹೆಂಡತಿ ಮುಂದೆ ಡ್ರೈವರನ ಪಕ್ಕ ಕೂತಿದ್ದಳು, ನೆಗ್ಗಿದ ಕೊಡ ತೊಡೆಯ ಮೇಲೆ ಇಟ್ಟುಕೊಂಡು. ಹೋಗಿ ಬರ್ತೀನ್ರಿ ಅನ್ನಲಿಲ್ಲ. ಟೆಂಪೊ ಹೋಯಿತು. ಮನೆಗೆ ಬಂದೆ. ಮಗನಿಗೆ ಊಟಕ್ಕೆ ಹಾಕಿದೆ, ಉಂಡ.

ಮರುದಿನ ಐದೂವರೆಗೆ ಎದ್ದು ನಳದ ಕಡೆ ಹೋದೆ. ಸಾಲು ಹಚ್ಚಿದ್ದರು. ಒಂದು, ಎರಡು, ಆಮೇಲೆ ಒಂದು ಕೊಡದಷ್ಟು ಖಾಲಿ ಜಾಗ, ನಾಲ್ಕು, ಐದು. ಆರನೆಯದು ನನ್ನದು, ಕೈಯಲ್ಲಿತ್ತು. ಸ್ವಲ್ಪ ಹೊತ್ತು ನೋಡಿದೆ. ಯಾರೂ ಬರಲಿಲ್ಲ. ಕೊಡವನ್ನ ಮೂರನೇ ಜಾಗದಲ್ಲಿ ಇಟ್ಟೆ. ಆರಕ್ಕೆ ನೀರು ಬಂತು, ಜೋರಾಗಿತ್ತು. ಬೇಗ ತುಂಬಿತು, ಹೊತ್ತುಕೊಂಡು ಬಂದೆ.